ಅಳಿಸಿದರೂ ಕರಗದ ಕಡತ



ನಮ್ಮ ಬಂಧುವರ್ಗದ ಮನೆತನಗಳ ಪಟ್ಟಿಯನ್ನು ನಾನು ಹಲವು ವರ್ಷಗಳಿಂದ ಇಟ್ಟುಕೊಂಡು ಬಂದಿರುವೆನೆಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಮತ್ತಿಗಿರಿ, ಹೊಸೂರು, ಬಾಗಲೂರು, ಕೆಲಮಂಗಲ, ತಳಿ, ಶೂಲಗಿರಿ, ಕೃಷ್ಣಗಿರಿ ಹೀಗೆ ಗಡಿಯ ಈಚೆಗೆ ನೆಲೆಸಿದವರು, ಗಡಿ ದಾಟಿ ಬೆಂಗಳೂರು ಸೇರಿದವರು, ಎಲ್ಲರ ಹೆಸರು, ಊರು, ಅಂಚೆಯ ವಿಳಾಸ, ದೂರವಾಣಿ, ಮನೆಯಲ್ಲಿ ಮದುವೆಗೆ ಬಂದ ಮಕ್ಕಳಿದ್ದರೆ ಅವರ ನಕ್ಷತ್ರ, ವಿದ್ಯಾಭ್ಯಾಸ ಇವೆಲ್ಲವೂ ಅದರಲ್ಲಿವೆ. ಮೊದಲು ಅದು ದಪ್ಪ ರಟ್ಟಿನ ಪುಸ್ತಕವೊಂದರಲ್ಲಿತ್ತು. ಮಸಿ ಮಾಸುತ್ತಿರುವುದನ್ನು ಕಂಡು ಮನೆಯ ಹುಡುಗರು ಅದನ್ನು ಗಣಕಯಂತ್ರಕ್ಕೆ ಏರಿಸಿಕೊಟ್ಟರು. ಅಂದಿನಿಂದ ಅದು ಒಂದು ದತ್ತಸಂಚಯ. ಹುಡುಗರ ಮಾತಿನಲ್ಲಿ ಹೇಳುವುದಾದರೆ ಡೇಟಾಬೇಸ್.

ಕಳೆದ ದೀಪಾವಳಿಯ ಸಮಯದಲ್ಲಿ ನಾಲ್ಕಾರು ಮಂದಿ ಕಲೆತಿದ್ದಾಗ ಈ ಪಟ್ಟಿಯ ಪ್ರಸ್ತಾಪ ಬಂದಿತು. ದೂರದೂರಿನ ಬಂಧುಗಳಿಗೆ ಅದನ್ನು ಕಳುಹಿಸೋಣವೆಂದರೆ ಮಿಂಚಂಚೆಯಲ್ಲಿ ಹೋಗಲೊಲ್ಲದು. ಜಿಮೇಲ್‌ನಂಥ ಸೇವೆಯಲ್ಲಿ ಒಂದು ಪತ್ರದೊಡನೆ 25 ಮೆಗಾಬೈಟಿಗಿಂತ ಹೆಚ್ಚಿನ ಲಗತ್ತನ್ನು ಇಡಲಾಗದು; ನಮ್ಮ ಕಡತ ಆ ಮಿತಿಯನ್ನು ಮೀರಿತ್ತು. ಆಗ ಒಬ್ಬ ಯುವಕರು ಎದ್ದು, “ಇದೆಲ್ಲ ಕನ್ನಡದಲ್ಲಿ ಬರೆದಿರುವುದರಿಂದ ಆದ ತೊಂದರೆ, ದೊಡ್ಡಪ್ಪ. ಕನ್ನಡದ ಒಂದಕ್ಷರಕ್ಕೆ ಇಂಗ್ಲಿಷಿನ ಮೂರಕ್ಷರದಷ್ಟು ಜಾಗ ಬೇಕು. ಎಲ್ಲವನ್ನೂ ಇಂಗ್ಲಿಷ್ ಅಕ್ಷರಕ್ಕೆ ತಿರುಗಿಸಿಬಿಡೋಣ, ಕಡತ ಮೂರರಲ್ಲೊಂದು ಪಾಲಾಗುತ್ತದೆ” ಎಂದರು. ಇನ್ನೊಬ್ಬರು, “ತೀರಿಕೊಂಡವರು, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ಊರು ಬಿಟ್ಟವರು ಇವರ ಸಾಲುಗಳನ್ನೆಲ್ಲ ಅಳಿಸಿದರೆ ಸಾಕಲ್ಲ” ಎಂದು ಸೂಚಿಸಿದರು. ಮೊದಲನೆಯ ಸಲಹೆ ನನ್ನ ಮನಸ್ಸಿಗೆ ಹಿಡಿಸಲಿಲ್ಲ. ಎರಡನೆಯದನ್ನು ಆ ರಾತ್ರಿಯೇ ಮಾಡಿ ನೋಡಿದೆ. ಪಟ್ಟಿಯ ಹೆಚ್ಚುಕಡಿಮೆ ಮೂರನೆಯ ಒಂದು ಪಾಲನ್ನು ಅಳಿಸಿ ಕಡತದ ಗಾತ್ರವನ್ನು ನೋಡಿದರೆ, ಹಿಂದೆ ಎಷ್ಟಿತ್ತೋ ಅಷ್ಟೇ ಇದೆ. ಒಂದು ಬೈಟೂ ಇಳಿದಿರಲಿಲ್ಲ!

ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಲ್ಲಿ ಇಂಥದೇ ಕೆಲಸದಲ್ಲಿದ್ದಾಳೆ. ಹಬ್ಬಕ್ಕೆ ಬಂದಿದ್ದ ಅವಳನ್ನು ಕರೆದು ಕೇಳಿದೆ. “ಹೆಸರುಗಳು ಹೋಗಿವೆ ತಾತ, ಅವು ಇದ್ದ ಜಾಗ ಹೋಗಿಲ್ಲ” ಎಂದಳು. “ಅದೇನು ಒಗಟಮ್ಮಾ?” ಎಂದು ಕೇಳಿ ಕುಳಿತವನಿಗೆ ಅವಳು ಎರಡು ಸಂಜೆ ಪಾಠ ಹೇಳಿದಳು. ಆ ಪಾಠದ ಸಾರವನ್ನೂ, ಅದರಿಂದ ನನಗಾದ ಒಂದು ಮುಖಭಂಗವನ್ನೂ ಈ ತಿಂಗಳು ನಿಮ್ಮ ಮುಂದಿಡುತ್ತೇನೆ. ಮನೆಯ ಲೆಕ್ಕ, ಸಂಘದ ಸದಸ್ಯರ ಪಟ್ಟಿ, ಅಂಗಡಿಯ ಸಾಲದ ಬಾಬ್ತು ಇವುಗಳನ್ನು ಗಣಕಯಂತ್ರದಲ್ಲಿ ಇಡುವವರು ನಮ್ಮಲ್ಲಿ ಈಗ ಮನೆಗೊಬ್ಬರಿರುವುದರಿಂದ ಇದು ಎಲ್ಲರಿಗೂ ಬೇಕಾದ ವಿಷಯವೇ ಸರಿ.

ಕಡತವೆಂಬ ಮಾತಿನಿಂದಲೇ ಪ್ರಾರಂಭಿಸೋಣ. ಇಂದು ಫೈಲಿಗೆ ನಾವು ಬಳಸುವ ಈ ಶಬ್ದ ಹಳೆಯದು. ಹಿಂದೆ ಶಾನುಭೋಗರೂ ವರ್ತಕರೂ ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಅದೇ ಕಡತ. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಬಹುಸಂಖ್ಯೆಯಲ್ಲಿ ಉಳಿದುಬಂದಿವೆ. ಬೇಡವಾದ ಬರಹವನ್ನು ಒರಸಿ ಅದೇ ಜಾಗದಲ್ಲಿ ಹೊಸದನ್ನು ಬರೆಯಬಹುದಾಗಿತ್ತು. ಒರಸಿದ ಮಾತ್ರಕ್ಕೆ ಬಟ್ಟೆಯ ಉದ್ದ ಕಡಮೆಯಾಗುತ್ತಿರಲಿಲ್ಲ. ಹತ್ತು ಮಡಿಕೆಯ ಕಡತ ಹತ್ತು ಮಡಿಕೆಯದಾಗಿಯೇ ಉಳಿಯುತ್ತಿತ್ತು. ಬರೆಯಲು ಜಾಗ ಸಾಲದಾದಾಗ ಮಾತ್ರ ಹೊಸ ಬಟ್ಟೆಯನ್ನು ಜೋಡಿಸಬೇಕಾಗುತ್ತಿತ್ತು.

ದತ್ತಸಂಚಯದ ತಂತ್ರಾಂಶಗಳು ನಡೆದುಕೊಳ್ಳುವ ರೀತಿ ಬಹುಮಟ್ಟಿಗೆ ಇದೇ. ಅವು ಕಡತವನ್ನು ಸಮನಾದ ಮಡಿಕೆಗಳಾಗಿ ಭಾಗಿಸಿಕೊಂಡಿರುತ್ತವೆ. ಅದಕ್ಕೆ ಪುಟವೆಂದು ಹೆಸರು. ನಮ್ಮ ಪಟ್ಟಿ ಇರುವುದು ಎಸ್‌ಕ್ಯೂಲೈಟ್ ಎಂಬ ಉಚಿತ ತಂತ್ರಾಂಶದಲ್ಲಿ. ಅಮೆರಿಕದ ರಿಚರ್ಡ್ ಹಿಪ್ ಎಂಬುವರು 2000ದಲ್ಲಿ ಹೊರತಂದ ಇದು ಇಂದು ನಮ್ಮ ನಿಮ್ಮ ಜೇಬಿನ ದೂರವಾಣಿಗಳೊಳಗೂ ಕುಳಿತು ಕೆಲಸ ಮಾಡುತ್ತಿದೆ. ಅದರ ಪುಟ ಮೊದಲು ಸಾಮಾನ್ಯವಾಗಿ 1,024 ಬೈಟಿನದಾಗಿತ್ತು; 2016ರಿಂದ 4,096 ಬೈಟಿನದು. ಪೋಸ್ಟ್‌ಗ್ರೆಸ್ ಎಂಬ ದೊಡ್ಡ ತಂತ್ರಾಂಶದ ಪುಟ ಇದರ ಎರಡರಷ್ಟು, ಮೈಎಸ್‌ಕ್ಯೂಎಲ್ ಎಂಬುದರಲ್ಲಿ ನಾಲ್ಕರಷ್ಟು. ಒಂದೇ ಒಂದು ಹೆಸರನ್ನು ಬರೆದರೂ ಒಂದು ಪೂರ್ಣ ಪುಟ ಖರ್ಚಾಗುತ್ತದೆ. ಆದುದರಿಂದಲೇ ಎಸ್‌ಕ್ಯೂಲೈಟ್ ಕಡತದ ಗಾತ್ರ ಯಾವಾಗಲೂ ಪುಟದ ಗಾತ್ರದಿಂದ ನಿಶ್ಶೇಷವಾಗಿ ಭಾಗವಾಗುತ್ತದೆ.

ಹೀಗೇಕೆ ಮಾಡಬೇಕು, ಅಕ್ಷರಕ್ಕೆ ತಕ್ಕಷ್ಟೇ ಜಾಗ ಹಿಡಿಯಬಾರದೆ, ಎಂದು ನಾನು ಕೇಳಿದೆ. ಮೊಮ್ಮಗಳು ಉತ್ತರವಾಗಿ ನನ್ನ ಹಳೆಯ ರಟ್ಟಿನ ಪುಸ್ತಕವನ್ನೇ ತೋರಿಸಿದಳು. ಅದರಲ್ಲಿ ನಾನು ಒಂದೊಂದು ಊರಿನ ಕೊನೆಗೆ ಎರಡು ಮೂರು ಹಾಳೆ ಖಾಲಿ ಬಿಟ್ಟಿದ್ದೆ, ಮುಂದೆ ಹೊಸ ಮನೆ ಬಂದರೆ ಸೇರಿಸಲು. ಖಾಲಿ ಬಿಡದಿದ್ದರೆ ಒಂದು ಹೆಸರು ಸೇರಿಸಲು ಇಡೀ ಪುಸ್ತಕವನ್ನು ತಿರುಗಿ ಬರೆಯಬೇಕಾಗುತ್ತಿತ್ತು. ಗಣಕಯಂತ್ರಕ್ಕೂ ಅದೇ ಅನುಕೂಲ ಬೇಕು. ಒಂದು ಪುಟವನ್ನು ಎತ್ತಿ, ತಿದ್ದಿ, ಅದೇ ಸ್ಥಳದಲ್ಲಿ ಇಟ್ಟರೆ ಉಳಿದುದನ್ನು ಮುಟ್ಟಬೇಕಾಗಿಲ್ಲ. ಶೀಘ್ರವಾಗಿ ಹುಡುಕುವುದಕ್ಕಾಗಿ ತಂತ್ರಾಂಶ ಕೊಡುವ ಬೆಲೆಯೇ ಆ ಖಾಲಿ ಜಾಗ.

ಹುಡುಕುವುದಕ್ಕೆ ಇನ್ನೊಂದು ಬೆಲೆಯೂ ಉಂಟು. ಗ್ರಂಥದ ಕೊನೆಯಲ್ಲಿ ಅಕಾರಾದಿಯಾಗಿ ಶಬ್ದಸೂಚಿ ಇರುವಂತೆ, ಹೆಸರಿನಿಂದ ಹುಡುಕಲು ಒಂದು ಸೂಚಿ, ಊರಿನಿಂದ ಹುಡುಕಲು ಇನ್ನೊಂದು ಸೂಚಿ, ಹೀಗೆ ದತ್ತಸಂಚಯವು ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ. ಕೊಂಬೆ ಕೊಂಬೆಯಾಗಿ ಕವಲೊಡೆಯುವ ಈ ಸೂಚಿಯ ಕ್ರಮವನ್ನು ಬೋಯಿಂಗ್ ಸಂಸ್ಥೆಯಲ್ಲಿದ್ದ ಬೇಯರ್ ಮತ್ತು ಮೆಕ್ರೈಟ್ ಎಂಬ ವಿದ್ವಾಂಸರು 1970ರ ಹೊತ್ತಿಗೆ ರೂಪಿಸಿದರು. ಸೂಚಿಯಲ್ಲಿ ಆ ಹೆಸರು ಮತ್ತೊಮ್ಮೆ ಬರೆಯಲ್ಪಡುತ್ತದೆ. ನಾಲ್ಕು ಸೂಚಿಗಳಿದ್ದರೆ ನಾಲ್ಕು ಕಡೆ ಜಾಗ. ಬೇಕಿಲ್ಲದ ಸೂಚಿಯನ್ನು ಇಟ್ಟುಕೊಳ್ಳುವುದು ಓದದ ಪುಸ್ತಕಕ್ಕೆ ನಾಲ್ಕು ಶಬ್ದಸೂಚಿ ಹಚ್ಚಿದಂತೆ.

ಇನ್ನು ನಮ್ಮ ಯುವಕರ ಆಕ್ಷೇಪಣೆಗೆ ಬರೋಣ. ಕನ್ನಡದ ಅಕ್ಷರಕ್ಕೆ ಮೂರು ಬೈಟು ಬೇಕೆಂಬುದು ನಿಜ. ಇಂದು ಲೋಕದಲ್ಲೆಲ್ಲ ರೂಢಿಯಲ್ಲಿರುವುದು ಯೂನಿಕೋಡ್ ಎಂಬ ಸಂಕೇತಕ್ರಮ. ಅದನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಎಂಬ ಪದ್ಧತಿಯನ್ನು ಕೆನ್ ಥಾಮ್ಸನ್, ರಾಬ್ ಪೈಕ್ ಎಂಬಿಬ್ಬರು 1992ರಲ್ಲಿ ಯೋಜಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಗ್ರೀಕ್ ಹಾಗೂ ಅರಬ್ಬಿ ಅಕ್ಷರಗಳಿಗೆ ಎರಡು, ಕನ್ನಡಕ್ಕೆ ಮೂರು. ಇದರಲ್ಲಿ ನಮಗೊಬ್ಬರಿಗೇ ಅನ್ಯಾಯವಾಗಿದೆಯೆಂದು ಭಾವಿಸಬೇಕಾಗಿಲ್ಲ. ತಮಿಳು, ತೆಲುಗು, ದೇವನಾಗರಿ ಇವಕ್ಕೂ ಮೂರೇ. ಮೂರು ಭಾಷೆಗಳನ್ನು ಒಂದೇ ಬೀದಿಯಲ್ಲಿ ಆಡುವ ಹೊಸೂರಿನ ನಮಗೆ ಆ ಮಟ್ಟಿಗೆ ಸಮಾನತೆ ದೊರೆತಿದೆ.

ಮತ್ತಿಗಿರಿ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರ. ಗಣಕಯಂತ್ರ ಅದನ್ನು ಬಿಡಿಸಿ ಬರೆದುಕೊಳ್ಳುತ್ತದೆ: ಮಕಾರ ಒಂದು; ತಕಾರ, ಹಲಂತದ ಗುರುತು, ಮತ್ತೆ ತಕಾರ, ಗುಡಿಸು ಸೇರಿ ನಾಲ್ಕು; ಗಕಾರ, ಗುಡಿಸು ಎರಡು; ರಕಾರ, ಗುಡಿಸು ಎರಡು. ಒಟ್ಟು ಒಂಬತ್ತು ಸಂಕೇತ, ಅಂದರೆ 27 ಬೈಟು. ಇಂಗ್ಲಿಷಿನಲ್ಲಿ ಸರಕಾರಿ ಬರಹಗಳಲ್ಲಿರುವಂತೆ ಬರೆದರೆ ಒಂಬತ್ತು ಅಕ್ಷರ, ಒಂಬತ್ತೇ ಬೈಟು. ಇಲ್ಲಿಯವರೆಗೆ ಆ ಯುವಕರ ಮಾತು ಸರಿಯೇ. ಆದರೆ ಲೆಕ್ಕವನ್ನು ಕೊನೆಯವರೆಗೆ ಒಯ್ಯಬೇಕು.

ಪಟ್ಟಿಯಲ್ಲಿ ಒಂದು ಸಾವಿರ ಮನೆತನಗಳಿವೆಯೆಂದು ಇಟ್ಟುಕೊಳ್ಳೋಣ. ಒಂದೊಂದಕ್ಕೂ ಹೆಸರು, ವಿಳಾಸ, ಉದ್ಯೋಗ ಎಲ್ಲ ಸೇರಿ 200 ಸಂಕೇತಗಳೆನ್ನೋಣ. ಕನ್ನಡದಲ್ಲಿ ಒಂದು ಸಾಲಿಗೆ 600 ಬೈಟು. ಸಾವಿರ ಸಾಲಿಗೆ ಆರು ಲಕ್ಷ ಬೈಟು. 4,096 ಬೈಟಿನ ಪುಟದಲ್ಲಿ ಇಂಥ ಆರು ಸಾಲುಗಳು ಹಿಡಿಯುತ್ತವೆ, ಮಿಕ್ಕ ಜಾಗ ಖಾಲಿ. ಅಂತೂ 167 ಪುಟ, ಸುಮಾರು ಆರು ಲಕ್ಷ ಎಂಬತ್ತನಾಲ್ಕು ಸಾವಿರ ಬೈಟು. ಇಂಗ್ಲಿಷ್ ಅಕ್ಷರದಲ್ಲಾದರೆ ಪುಟಕ್ಕೆ ಇಪ್ಪತ್ತು ಸಾಲು, ಐವತ್ತು ಪುಟ, ಎರಡು ಲಕ್ಷಕ್ಕೆ ಸ್ವಲ್ಪ ಮೇಲೆ. ಉಳಿತಾಯ ಐದು ಲಕ್ಷ ಬೈಟಿಗೂ ಕಡಮೆ. ಇಂದಿನ ದೂರವಾಣಿಯಿಂದ ತೆಗೆದ ಒಂದು ಛಾಯಾಚಿತ್ರ ಮೂವತ್ತು ನಲವತ್ತು ಲಕ್ಷ ಬೈಟು ತೂಗುತ್ತದೆ! ಸಾವಿರ ಮನೆತನಗಳ ಹೆಸರು ಕುಲ ಊರುಗಳನ್ನೆಲ್ಲ ಕನ್ನಡದಲ್ಲಿ ಬರೆದುದರ ಹೆಚ್ಚುವರಿ ಖರ್ಚು, ಒಂದು ಮದುವೆಯ ಚಿತ್ರದ ಆರನೆಯ ಒಂದು ಪಾಲಿಗೂ ಸಮನಲ್ಲ.

ನಮ್ಮ ಕಡತವನ್ನು ತೆರೆದು ನೋಡಿದಾಗ ಕಳ್ಳ ಸಿಕ್ಕಿಬಿದ್ದುದು ಅಲ್ಲಿಯೇ. ಹಿಂದೊಮ್ಮೆ ಉತ್ಸಾಹದಿಂದ ಕೆಲವು ಮನೆಗಳ ಹಿರಿಯರ ಭಾವಚಿತ್ರಗಳನ್ನು ದೂರವಾಣಿಯಿಂದ ತೆಗೆದಂತೆಯೇ ಆ ದತ್ತಸಂಚಯದೊಳಕ್ಕೆ ತುರುಕಿದ್ದೆವು. ಮೂವತ್ತೈದು ಲಕ್ಷ ಬೈಟಿನ ಒಂದು ಚಿತ್ರವೆಂದರೆ ಎಂಟುನೂರೈವತ್ತಕ್ಕೂ ಹೆಚ್ಚು ಪುಟಗಳು. ಅಂಥ ಏಳೆಂಟು ಚಿತ್ರಗಳು ಸೇರಿದರೆ ಮಿಂಚಂಚೆಯ ಮಿತಿ ಮುಗಿಯಿತು. ಚಿತ್ರದ ತೂಕವನ್ನು ಅಕ್ಷರದ ತಲೆಯ ಮೇಲೆ ಹೊರಿಸಿ ನಾವು ಅಕ್ಷರವನ್ನು ಮನೆಯಿಂದ ಹೊರಗೆ ಹಾಕಲು ಹೊರಟಿದ್ದೆವು.

ಜಾಗದ ಮಾತು ಬಂದುದರಿಂದ ಇನ್ನೊಂದು ಸಂಗತಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಸಾಲು ಚಿಕ್ಕದಾಗಬಹುದು, ಸಾಲುಗಳ ಸಂಖ್ಯೆ ಹೆಚ್ಚುತ್ತದೆ. ತಮಿಳು ಬಲ್ಲವರು ತಕಾರಕ್ಕೆ ಎರಡಕ್ಷರ ಹಚ್ಚುತ್ತಾರೆ, ನಮ್ಮಲ್ಲಿ ಕೆಲವರು ಒಂದೇ ಅಕ್ಷರ ಹಚ್ಚುತ್ತಾರೆ. ಸರಸ್ವತಿಯೆಂಬ ಒಂದೇ ಹೆಸರು ಹೀಗೆ ನಾಲ್ಕು ವೇಷದಲ್ಲಿ ಬರುತ್ತದೆ. ಒಬ್ಬರೇ ತಾಯಿ ನಾಲ್ಕು ಸಾಲುಗಳಲ್ಲಿ ಕುಳಿತುಬಿಡುತ್ತಾರೆ. ತಳಿಯೆಂಬ ಊರಿನ ಳಕಾರ ಲಕಾರದೊಡನೆ ಕಲೆತುಹೋಗುತ್ತದೆ. ಗಣಕಯಂತ್ರಕ್ಕೆ ಅವೆಲ್ಲ ಬೇರೆ ಬೇರೆ ಹೆಸರುಗಳೇ, ಒಂದೆಂದು ತಿಳಿಯುವ ವಿವೇಕ ಅದಕ್ಕಿಲ್ಲ. ಕನ್ನಡದಲ್ಲಿ ಬರೆದಲ್ಲಿ ಈ ಗೊಂದಲ ಬಹುಪಾಲು ಇಲ್ಲ. ಗಡಿಯಾಚೆ ಕರ್ನಾಟಕದಲ್ಲಿ ಭೂಮಿ ಯೋಜನೆಯಡಿ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಈ ಶತಮಾನದ ಆರಂಭದಲ್ಲಿಯೇ ಗಣಕಯಂತ್ರಕ್ಕೆ ಏರಿಸಿದರು. ರೈತನ ಕೈಗೆ ಬರುವ ಪಹಣಿ ಕನ್ನಡದಲ್ಲಿಯೇ ಇದೆ. ಎರಡು ಕೋಟಿಗೆ ಭಾರವಾಗದ ಕನ್ನಡ ನಮ್ಮ ಸಾವಿರಕ್ಕೆ ಭಾರವಾದೀತೆ?

ಬರಹವನ್ನು ಹಗುರ ಮಾಡುವ ನಿಜವಾದ ಉಪಾಯ ಬೇರೆಯಿದೆ; ಅದನ್ನು ತಿಳಿಯಲು ನಮ್ಮ ಸೀಮೆಯ ಇತಿಹಾಸಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ನನ್ನ ಬಾಲ್ಯದ ಕಾಗದಗಳಲ್ಲಿ ನಮ್ಮ ವಿಳಾಸ ಸೇಲಂ ಜಿಲ್ಲೆಯದು. 1965ರ ಅಕ್ಟೋಬರ್ 2ರಂದು ಧರ್ಮಪುರಿ ಜಿಲ್ಲೆಯಾಯಿತು. ನಾವು ಅದಕ್ಕೆ ಸೇರಿದೆವು. 2004ರ ಫೆಬ್ರವರಿ 9ರಂದು ಕೃಷ್ಣಗಿರಿ ಬೇರೆ ಜಿಲ್ಲೆಯಾಯಿತು, ನಾವು ಅದರವರಾದೆವು. ಪಟ್ಟಣ ಪಂಚಾಯಿತಿಯಾಗಿದ್ದ ಮತ್ತಿಗಿರಿ 2011ರಲ್ಲಿ ಹೊಸೂರಿನ ನಗರಸಭೆಯೊಡನೆ ಕೂಡಿತು. 2019ರಲ್ಲಿ ಹೊಸೂರು ಮಹಾನಗರ ಪಾಲಿಕೆಯಾಯಿತು. ಮನೆ ಅಲ್ಲಿಯೇ ಇದ್ದರೂ ವಿಳಾಸ ಇಷ್ಟು ಸಲ ಬದಲಾಯಿತು!

ಪ್ರತಿಯೊಂದು ಮನೆತನದ ಸಾಲಿನಲ್ಲಿಯೂ ಧರ್ಮಪುರಿಯೆಂದು ಬರೆದಿದ್ದರೆ ಒಂದೊಂದಕ್ಕೆ 24 ಬೈಟಿನಂತೆ ಸಾವಿರ ಸಾಲಿಗೆ 24 ಸಾವಿರ ಬೈಟು. ಜಿಲ್ಲೆ ಬದಲಾದ ದಿನ ಸಾವಿರ ಕಡೆ ತಿದ್ದಬೇಕು. ಪೋಸ್ಟ್‌ಗ್ರೆಸ್‌ನಂಥ ತಂತ್ರಾಂಶದಲ್ಲಿ ತಿದ್ದುವುದೆಂದರೆ ಹಳೆಯ ಸಾಲನ್ನು ಹಾಗೆಯೇ ಬಿಟ್ಟು ಹೊಸ ಸಾಲನ್ನು ಬರೆಯುವುದು. ಆ ಗಳಿಗೆಯಲ್ಲಿ ಹಳೆಯದನ್ನು ಓದುತ್ತಿರುವ ಇನ್ನೊಬ್ಬರಿಗೆ ಅಡಚಣೆಯಾಗಬಾರದೆಂಬ ಉದ್ದೇಶದಿಂದ. ಹೀಗಾಗಿ ಒಂದೇ ಸಲ ಎಲ್ಲ ಸಾಲುಗಳನ್ನೂ ತಿದ್ದಿದರೆ ಕೋಷ್ಟಕ ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ಬದಲಾಗಿ, ಜಿಲ್ಲೆಗಳಿಗೆಂದೇ ಒಂದು ಚಿಕ್ಕ ಕೋಷ್ಟಕವನ್ನಿಟ್ಟು ಅಲ್ಲಿ ಹೆಸರನ್ನು ಒಂದೇ ಸಲ ಬರೆದು, ಮನೆತನದ ಸಾಲಿನಲ್ಲಿ ಅದರ ಕ್ರಮಾಂಕವನ್ನು ಮಾತ್ರ ಇಟ್ಟರೆ, ಸಾಲಿಗೆ ಒಂದು ಬೈಟು ಸಾಕು. ಸಾವಿರ ಬೈಟು ಮತ್ತು ಆ ಒಂದು ಹೆಸರು, ಅಷ್ಟೆ. ಜಿಲ್ಲೆಯ ಹೆಸರು ಬದಲಾದರೆ ತಿದ್ದುವುದೂ ಒಂದೇ ಕಡೆ. ಒಂದು ಸಂಗತಿಯನ್ನು ಒಂದೇ ಕಡೆ ಬರೆಯಬೇಕೆಂಬ ಈ ವಿವೇಕಕ್ಕೆ ಶಾಸ್ತ್ರದ ರೂಪ ಕೊಟ್ಟವರು ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್. ಅವರ ಪ್ರಖ್ಯಾತ ಲೇಖನ ಪ್ರಕಟವಾದುದು 1970ರಲ್ಲಿ. ಮನೆಯ ಹೆಂಗಸರಿಗೆ ಈ ಶಾಸ್ತ್ರ ಹೊಸದಲ್ಲ. ಉಪ್ಪಿನ ಜಾಡಿ ಅಡುಗೆಮನೆಯಲ್ಲಿ ಒಂದೇ ಇರುತ್ತದೆ, ಪ್ರತಿ ಪಾತ್ರೆಯ ಪಕ್ಕದಲ್ಲಿ ಒಂದಲ್ಲ.

ಈಗ ನನ್ನ ಮುಖಭಂಗದ ಕಥೆ.

ಅಳಿಸಿದ ಸಾಲು ಎಲ್ಲಿಗೆ ಹೋಗುತ್ತದೆಯೆಂದು ನಾನು ಮೊಮ್ಮಗಳನ್ನು ಕೇಳಿದೆ. “ಎಲ್ಲಿಗೂ ಹೋಗುವುದಿಲ್ಲ ತಾತ. ಈ ಜಾಗ ಖಾಲಿಯಾಗಿದೆ ಎಂದು ತಂತ್ರಾಂಶ ಗುರುತು ಹಾಕಿಕೊಳ್ಳುತ್ತದೆ. ಮುಂದೆ ಹೊಸ ಸಾಲು ಬಂದರೆ ಅಲ್ಲಿ ಬರೆಯುತ್ತದೆ. ಅಲ್ಲಿಯವರೆಗೆ ಹಳೆಯದು ಹಾಗೆಯೇ ಇರಬಹುದು” ಎಂದಳು. ಇದು ಇಂದಿನ ಪದ್ಧತಿಯಷ್ಟೇ ಅಲ್ಲ. 1980ರ ದಶಕದಲ್ಲಿ ಕಚೇರಿಗಳಿಗೆ ಕಾಲಿಟ್ಟ ಡಿಬೇಸ್ ಎಂಬ ತಂತ್ರಾಂಶದಲ್ಲಿ ಸಾಲನ್ನು ಅಳಿಸಿದರೆ ಅದರ ಮೊದಲಿಗೆ ಒಂದು ನಕ್ಷತ್ರದ ಚಿಹ್ನೆ ಬೀಳುತ್ತಿತ್ತು, ಅಷ್ಟೆ. ಪ್ಯಾಕ್ ಎಂಬ ಆಜ್ಞೆ ಕೊಡುವವರೆಗೆ ಸಾಲು ಅಲ್ಲಿಯೇ ಇರುತ್ತಿತ್ತು. ಮೇಲಾಗಿ ಅದರಲ್ಲಿ ಹೆಸರಿಗೆ ನಲವತ್ತು ಮನೆ ಎಂದು ಗೊತ್ತುಮಾಡಿದರೆ ರಾಮನಿಗೂ ನಲವತ್ತೇ, ಸತ್ಯನಾರಾಯಣನಿಗೂ ನಲವತ್ತೇ. ಇಂದಿನವು ಹೆಸರಿನ ಉದ್ದಕ್ಕೆ ತಕ್ಕಷ್ಟೇ ಜಾಗ ಹಿಡಿಯುತ್ತವೆ. ಅಳಿಸುವ ವಿಷಯದಲ್ಲಿ ಮಾತ್ರ ಹಳೆಯ ಚಾಳಿ ಬಿಟ್ಟಿಲ್ಲ.

ಮಾತನ್ನು ನಂಬಿಸಲೆಂದು ಅವಳು ನಮ್ಮ ಕಡತವನ್ನು ಸಾಮಾನ್ಯ ಬರಹ ನೋಡುವ ತಂತ್ರಾಂಶದಲ್ಲಿ ತೆರೆದಳು. ಅರ್ಥವಾಗದ ಚಿಹ್ನೆಗಳ ನಡುನಡುವೆ ಹೆಸರುಗಳು ತೇಲುತ್ತಿದ್ದವು. ಅವುಗಳಲ್ಲಿ ಒಂದನ್ನು ಕಂಡು ನಾನು ಬೆಚ್ಚಿದೆ. ಬಂಧುಗಳಲ್ಲೊಬ್ಬ ತಾಯಿ ಕೆಲವು ತಿಂಗಳ ಹಿಂದೆ ದೂರವಾಣಿ ಮಾಡಿ, ಮಗಳ ಸಂಬಂಧವೊಂದು ಮುರಿದುಬಿದ್ದಿದೆ, ಅವಳ ನಕ್ಷತ್ರ, ದೂರವಾಣಿ ಸಂಖ್ಯೆ ಯಾವುದೂ ಪಟ್ಟಿಯಲ್ಲಿರುವುದು ಬೇಡ, ಗುರುತಿಲ್ಲದವರು ಕರೆ ಮಾಡಿ ಪೀಡಿಸುತ್ತಿದ್ದಾರೆ ಎಂದು ಬೇಡಿಕೊಂಡಿದ್ದರು. ಅವರು ಕೇಳಿಸಿಕೊಳ್ಳುತ್ತಿರುವಂತೆಯೇ ಆ ಸಾಲನ್ನು ಅಳಿಸಿ, “ಹೋಯಿತಮ್ಮ, ಇನ್ನು ಯಾರಿಗೂ ಸಿಗದು” ಎಂದು ಮಾತು ಕೊಟ್ಟಿದ್ದೆ. ಆ ಹುಡುಗಿಯ ಹೆಸರು, ನಕ್ಷತ್ರ, ಹತ್ತು ಅಂಕಿಯ ದೂರವಾಣಿ ಸಂಖ್ಯೆ ಈಗ ನನ್ನ ಕಣ್ಣಮುಂದೆ ಸ್ಪಷ್ಟವಾಗಿದ್ದವು. ನಾನು ಮಾತು ಕೊಟ್ಟ ಮೇಲೆ ಆ ಕಡತದ ಎರಡು ಪ್ರತಿಗಳನ್ನು ಪೆನ್ ಡ್ರೈವಿನಲ್ಲಿ ಎರಡೂರಿನವರಿಗೆ ಕೊಟ್ಟಿದ್ದೆ.

ಮರುದಿನ ಬೆಳಗ್ಗೆ ಆ ಇಬ್ಬರಿಗೂ ದೂರವಾಣಿ ಮಾಡಿದೆ. ಒಬ್ಬರು ಒಡನೆಯೇ ಪ್ರತಿಯನ್ನು ತೆಗೆದುಹಾಕಿದರು. ಇನ್ನೊಬ್ಬರು ಅದನ್ನು ಆಗಲೇ ಮತ್ತೊಬ್ಬರಿಗೆ ಕೊಟ್ಟಿದ್ದರು. ಅವರನ್ನು ಹುಡುಕಿ ಹಿಡಿಯಲು ನಾಲ್ಕು ದಿನ ಬೇಕಾಯಿತು. ಬಳಿಕ ಆ ತಾಯಿಗೆ ನಡೆದುದನ್ನು ಮುಚ್ಚಿಡದೆ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿಮ್ಮ ಪುಸ್ತಕದಲ್ಲಿದ್ದಾಗ ನೀವು ಗೀಟು ಹೊಡೆದರೆ ಸಾಕಾಗುತ್ತಿತ್ತಲ್ಲ ಅಣ್ಣಾ, ಯಾರೂ ನಿಮ್ಮ ಮನೆಗೆ ಬಂದು ಅದರ ಕೆಳಗೇನಿದೆ ಎಂದು ನೋಡುತ್ತಿರಲಿಲ್ಲ” ಎಂದರು. ಅವರ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಗೀಟು ಹೊಡೆದ ಪುಸ್ತಕ ಒಂದು ಮನೆಯಲ್ಲಿರುತ್ತದೆ. ಕಡತ ಒಂದು ಕ್ಷಣದಲ್ಲಿ ಹತ್ತು ಮನೆ ಸೇರುತ್ತದೆ. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ತನ್ನ ವಿವರವನ್ನು ಅಳಿಸಿಹಾಕಿಸುವ ಹಕ್ಕನ್ನು ವ್ಯಕ್ತಿಗೆ ಮಾನ್ಯಮಾಡಿದೆ. ಕಾಯಿದೆಯ ಮಾತು ಹಾಗಿರಲಿ, ಕೊಟ್ಟ ಮಾತಿನ ಋಣವೇ ನನಗೆ ಸಾಕಾಗಿತ್ತು.

ಅಳಿಸಿದುದು ನಿಜವಾಗಿ ಅಳಿಯಬೇಕಾದರೆ ಕಡತವನ್ನು ತಿರುಗಿ ಬರೆಸಬೇಕು. ಎಸ್‌ಕ್ಯೂಲೈಟ್‌ನಲ್ಲಿ ಇದಕ್ಕೆ ವ್ಯಾಕ್ಯೂಮ್ ಎಂಬ ಆಜ್ಞೆಯಿದೆ. ಅದು ಬದುಕಿರುವ ಸಾಲುಗಳನ್ನು ಮಾತ್ರ ಆಯ್ದು, ಒತ್ತಾಗಿ ಜೋಡಿಸಿ, ಹೊಸದಾಗಿ ಬರೆಯುತ್ತದೆ. ಖಾಲಿ ಪುಟಗಳು ಉದುರಿಹೋಗುತ್ತವೆ, ಕಡತ ಕುಗ್ಗುತ್ತದೆ. ಈ ಕೆಲಸ ನಡೆಯುವಾಗ ಮೂಲ ಕಡತದ ಎರಡರಷ್ಟು ಜಾಗ ಯಂತ್ರದಲ್ಲಿ ಖಾಲಿಯಿರಬೇಕಾಗಬಹುದು. ಅಳಿಸುವ ಕ್ಷಣದಲ್ಲಿಯೇ ಹಳೆಯ ಬರಹದ ಮೇಲೆ ಸೊನ್ನೆಗಳನ್ನು ಬರೆಯುವಂತೆಯೂ ಆ ತಂತ್ರಾಂಶಕ್ಕೆ ಆಜ್ಞಾಪಿಸಿಡಬಹುದು. ಅನೇಕರು ಬಳಸುವ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಕಾಂಪ್ಯಾಕ್ಟ್ ಅಂಡ್ ರಿಪೇರ್ ಎಂಬ ಹೆಸರಿನಲ್ಲಿ ಇಂಥದೇ ಅನುಕೂಲವಿದೆ. ಅದರ ಕಡತ ಎರಡು ಗಿಗಾಬೈಟನ್ನು ಮೀರುವಂತಿಲ್ಲವಾದುದರಿಂದ ಆಗಾಗ ಹೀಗೆ ಒತ್ತುವುದು ಅಲ್ಲಿ ಅಗತ್ಯವೂ ಹೌದು. ಯಾವುದನ್ನು ಮಾಡುವುದಕ್ಕೂ ಮೊದಲು ಒಂದು ಪ್ರತಿಯನ್ನು ಬೇರೆ ಕಡೆ ಎತ್ತಿಡಿ; ಎಲ್ಲ ಸರಿಯಾಗಿದೆಯೆಂದು ನೋಡಿಕೊಂಡ ಮೇಲೆ ಆ ಹಳೆಯ ಪ್ರತಿಯನ್ನು ಇಲ್ಲವಾಗಿಸಲು ಮರೆಯಬೇಡಿ. ಇಲ್ಲವಾದರೆ ಅಳಿಸಿದ ಹೆಸರು ಅಲ್ಲಿ ಉಳಿದಿರುತ್ತದೆ.

ಕನ್ನಡದಲ್ಲಿ ಪಟ್ಟಿಯಿಡುವವರಿಗೆ ಇನ್ನೊಂದು ಎಚ್ಚರಿಕೆಯ ಮಾತು. ಕೆಲವು ತಂತ್ರಾಂಶಗಳಲ್ಲಿ ಕೋಷ್ಟಕವನ್ನು ರಚಿಸುವಾಗ ಅಕ್ಷರಸಂಕೇತ ಯಾವುದೆಂದು ಗೊತ್ತುಮಾಡಬೇಕಾಗುತ್ತದೆ. ಅಲ್ಲಿ ಯುರೋಪಿನ ಅಕ್ಷರಗಳಿಗಷ್ಟೇ ಸಲ್ಲುವ ಒಂದು ಬೈಟಿನ ಸಂಕೇತವನ್ನು ಆರಿಸಿದರೆ ಕಡತವೇನೋ ಚಿಕ್ಕದಾಗುತ್ತದೆ. ಆದರೆ ಕನ್ನಡದ ಒಂದೊಂದು ಅಕ್ಷರದ ಸ್ಥಾನದಲ್ಲಿಯೂ ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬಂದು ಕೂರುವುದುಂಟು. ಅಲ್ಲಿ ನಿಜವಾಗಿ ಬರೆಯಲ್ಪಟ್ಟಿರುವುದು ಪ್ರಶ್ನಾರ್ಥಕವೇ. ಮೂಲ ಅಕ್ಷರವನ್ನು ಯಾವ ಪಂಡಿತನೂ ಮರಳಿ ತರಲಾರ. ನಮ್ಮ ಪಟ್ಟಿಯನ್ನು ಮೊದಲ ಸಲ ಒಂದು ಅಂಗಡಿಯಲ್ಲಿ ಏರಿಸಿದಾಗ ಎರಡೂರಿನ ಹೆಸರುಗಳು ಹೀಗೆ ನಷ್ಟವಾದವು. ರಟ್ಟಿನ ಪುಸ್ತಕವನ್ನು ಎಸೆಯದೆ ಇಟ್ಟಿದ್ದುದರಿಂದ ಬದುಕಿಕೊಂಡೆವು. ಯೂನಿಕೋಡ್ ರೂಢಿಗೆ ಬರುವ ಮೊದಲು ಅಕ್ಷರರೂಪಕ್ಕೆ ಅಂಟಿಕೊಂಡ ಸಂಕೇತಗಳಲ್ಲಿ ಬರೆದ ಹಳೆಯ ಕಡತಗಳೂ ಹಲವರಲ್ಲಿವೆ. ಅವು ಜಾಗವನ್ನು ಕಡಮೆ ಹಿಡಿಯುತ್ತವೆ, ಆದರೆ ಆ ಅಕ್ಷರರೂಪವಿಲ್ಲದ ಯಂತ್ರದಲ್ಲಿ ಬರಿಯ ಲ್ಯಾಟಿನ್ ಗೀಚುಗಳಂತೆ ಕಾಣುತ್ತವೆ. ಸಮಯವಿರುವಾಗಲೇ ಅವನ್ನು ಯೂನಿಕೋಡಿಗೆ ತಿರುಗಿಸಿಕೊಳ್ಳುವುದು ಲೇಸು.

ಕಡೆಗೆ ನಾವು ಮಾಡಿದುದಿಷ್ಟು. ದೊಡ್ಡ ಚಿತ್ರಗಳನ್ನು ಹೊರತೆಗೆದು ಬೇರೆ ಕೋಶದಲ್ಲಿಟ್ಟೆವು. ಪಟ್ಟಿಯೊಳಗೆ ಬೆರಳುಗುರುತಿನಷ್ಟು ಚಿಕ್ಕ ಪ್ರತಿಗಳನ್ನು ಮಾತ್ರ ಉಳಿಸಿದೆವು. ಊರು, ಜಿಲ್ಲೆಗಳಿಗೆ ಬೇರೆ ಕೋಷ್ಟಕಗಳಾದವು. ಬೇಡದ ಎರಡು ಸೂಚಿಗಳನ್ನು ಕಿತ್ತುಹಾಕಿದೆವು. ತೀರಿಕೊಂಡ ಹಿರಿಯರ ಸಾಲುಗಳನ್ನು ಮರಳಿ ಸೇರಿಸಿದೆವು, ಏಕೆಂದರೆ ಅವರು ಹಿಡಿಯುವ ಜಾಗ ಅತ್ಯಲ್ಪವೆಂದು ಈಗ ತಿಳಿದಿತ್ತು. ಆ ಹುಡುಗಿಯ ಸಾಲನ್ನು ಮಾತ್ರ ಅಳಿಸಿ, ವ್ಯಾಕ್ಯೂಮ್ ಮಾಡಿ, ಕಡತವನ್ನು ಮತ್ತೆ ಬರಹದ ತಂತ್ರಾಂಶದಲ್ಲಿ ತೆರೆದು ಆ ಸಂಖ್ಯೆಯನ್ನು ಹುಡುಕಿದೆವು, ಸಿಗಲಿಲ್ಲ. ಕಳುಹಿಸುವ ಮುನ್ನ ಜಿಪ್ ಮಾಡಿದಾಗ ಗಾತ್ರ ಇನ್ನಷ್ಟು ಇಳಿಯಿತು. ಕನ್ನಡದ ಪ್ರತಿ ಅಕ್ಷರದ ಮೂರು ಬೈಟುಗಳಲ್ಲಿ ಮೊದಲನೆಯದು ಎಲ್ಲಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಹೀಗೆ ಮತ್ತೆ ಮತ್ತೆ ಬರುವುದನ್ನು ಒತ್ತಿ ಚಿಕ್ಕದು ಮಾಡುವುದು ಜಿಪ್‌ಗೆ ಸುಲಭ. ಕಡತ ಈಗ ಮಿಂಚಂಚೆಯ ಮಿತಿಯೊಳಗೆ ಸಲೀಸಾಗಿ ಹೋಗುತ್ತದೆ. ಹೆಸರುಗಳೆಲ್ಲ ಕನ್ನಡದಲ್ಲಿಯೇ ಇವೆ. ದೀಪಾವಳಿಯಂದು ಆಕ್ಷೇಪಿಸಿದ ಯುವಕರೇ ಊರುಗಳ ಕೋಷ್ಟಕವನ್ನು ಕುಳಿತು ತಿದ್ದಿಕೊಟ್ಟರು. ಅವರಿಗೆ ನನ್ನ ಕೃತಜ್ಞತೆಗಳು.

ನಿಮ್ಮ ಮನೆಯ ಯಾವುದಾದರೂ ವಿವರ ಈ ಪಟ್ಟಿಯಲ್ಲಿ ಇರುವುದು ಬೇಡವೆನಿಸಿದರೆ ಸಂಕೋಚವಿಲ್ಲದೆ ತಿಳಿಸಿರಿ. ಹಿಂದಿನಂತೆ ಕೂಡಲೇ “ಹೋಯಿತು” ಎನ್ನುವುದಿಲ್ಲ. ಎರಡು ದಿನ ಅವಕಾಶ ಕೊಡಿ. ತಿರುಗಿ ಬರೆಸಿ, ಹುಡುಕಿ ನೋಡಿ, ಆಮೇಲೆ ಹೇಳುತ್ತೇನೆ.